ಮಸ್ಟ್ಯಾಂಗ್‌ನಲ್ಲಿ ತಾಹೋಗೆ: ಅಪರೂಪಕ್ಕೆ ಹಿಮದ ಬೆಟ್ಟ ಹತ್ತುವ ಕಾರಿಗೆ ತಯಾರಿ

ಕ್ಯಾಲಿಫೋರ್ನಿಯಾದ ಬೇ ಏರಿಯಾಗೆ, ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ, ಕೆಲಸಕ್ಕೆ ಬಂದ ನಮ್ಮವರಲ್ಲಿ ಅನೇಕರು ಒಂದೆರಡು ವರ್ಷ ಕಳೆದ ಮೇಲೆ ಆಸೆಪಟ್ಟ ಕಾರು ಕೊಳ್ಳುತ್ತಾರೆ. ಮಸ್ಟ್ಯಾಂಗ್ ಜಿಟಿ, ಕ್ಯಾಮರೊ, ಬಿಎಂಡಬ್ಲ್ಯು ಎಂ3, ಹೀಗೆ. ಡಿಸೆಂಬರ್ ಬಂತೆಂದರೆ ಗೆಳೆಯರ ಗುಂಪಿನಲ್ಲಿ ಹಿಮದ ಬೆಟ್ಟಗಳ ನಡುವಿನ ತಾಹೋ ಸರೋವರದ ಮಾತು ಶುರುವಾಗುತ್ತದೆ. ಆಗ ಏಳುವ ಪ್ರಶ್ನೆ: ಈ ಕಾರಲ್ಲಿ ಹಿಮಕ್ಕೆ ಹೋಗಬಹುದಾ?

ಹೋಗಬಹುದು. ಆದರೆ ಶೋರೂಮಿನಿಂದ ಬಂದ ಟೈರ್‌ನಲ್ಲಿ ಅಲ್ಲ, ಹಿಮ ಸುರಿಯುತ್ತಿರುವ ದಿನವೂ ಅಲ್ಲ. ಇವೆರಡನ್ನು ಒಪ್ಪಿಕೊಂಡರೆ ಉಳಿದ ತಯಾರಿ ಒಂದು ವಾರಾಂತ್ಯದಲ್ಲಿ ಮುಗಿಯುತ್ತದೆ. ಇಲ್ಲಿ 2018ರಿಂದ 2023ರವರೆಗಿನ ಮಸ್ಟ್ಯಾಂಗ್ ಜಿಟಿ, ಪರ್ಫಾರ್ಮೆನ್ಸ್ ಪ್ಯಾಕ್ (ದೊಡ್ಡ ಬ್ರೇಕ್, ಅಗಲ ಟೈರ್) ಇರುವ ಕಾರನ್ನು ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ಎಂಜಿನ್ ಹಿಂದಿನ ಚಕ್ರ ಓಡಿಸುವ (ರಿಯರ್-ವೀಲ್ ಡ್ರೈವ್) ಬೇರೆ ಕಾರುಗಳಿಗೂ ಹೆಚ್ಚುಕಡಿಮೆ ಇದೇ ಲೆಕ್ಕ.

ಮೊದಲು ದಾರಿ ಮತ್ತು ನಿಯಮ

ತಾಹೋಗೆ ಎರಡು ಮುಖ್ಯ ದಾರಿಗಳಿವೆ. ಟ್ರಕೀ ಊರು ಮತ್ತು ಸರೋವರದ ಉತ್ತರ ದಂಡೆಗೆ ಐ-80 ಹೆದ್ದಾರಿ. ಅದು ಡಾನರ್ ಸಮ್ಮಿಟ್‌ನಲ್ಲಿ 7,239 ಅಡಿ ಎತ್ತರ ದಾಟುತ್ತದೆ. ದಕ್ಷಿಣ ದಂಡೆಗೆ ಯುಎಸ್-50, ಎಕೋ ಸಮ್ಮಿಟ್ ಮೇಲಿಂದ. ಅದೂ 7,300 ಅಡಿಗಿಂತ ಎತ್ತರವೇ. ನನ್ನ ಮಟ್ಟಿಗೆ ತಗ್ಗಾದ ಕಾರಿಗೆ ಐ-80 ವಾಸಿ. ಲೇನ್ ಜಾಸ್ತಿ, ತಿರುವು ನಿಧಾನ. ಯುಎಸ್-50 ಎಕೋ ಸಮ್ಮಿಟ್ ಇಳಿಯುವ ಕಡೆ ಕಿರಿದಾಗಿದೆ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಆಳ.

ಈ ಭಾಗದ ಹಿಮವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಡಾನರ್ ಸಮ್ಮಿಟ್ ಹತ್ತಿರದ ಸೋಡಾ ಸ್ಪ್ರಿಂಗ್ಸ್‌ನಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಹಿಮ ಪ್ರಯೋಗಾಲಯವಿದೆ. 2022-23ರ ಚಳಿಗಾಲದಲ್ಲಿ ಅಲ್ಲಿ ಅಳೆದ ಒಟ್ಟು ಹಿಮ 754 ಇಂಚು, ಅಂದರೆ 60 ಅಡಿಗಿಂತ ಜಾಸ್ತಿ. 2024ರ ಮಾರ್ಚ್ ಮೊದಲ ವಾರಾಂತ್ಯದಲ್ಲಿ ಹಿಮಬಿರುಗಾಳಿಗೆ ಐ-80 ಮುಚ್ಚಿ, ಎಷ್ಟೋ ಜನ ರಸ್ತೆಯ ಮೇಲೆ ಕಾರಿನಲ್ಲೇ ಸಿಕ್ಕಿಕೊಂಡಿದ್ದರು.

ಕ್ಯಾಲಿಫೋರ್ನಿಯಾದ ರಸ್ತೆ ಇಲಾಖೆ ಕ್ಯಾಲ್‌ಟ್ರಾನ್ಸ್ ಹಿಮ ಬಿದ್ದಾಗ ಮೂರು ಮಟ್ಟದ ಚೈನ್ (ಹಿಡಿತಕ್ಕಾಗಿ ಟೈರಿಗೆ ಸುತ್ತುವ ಸರಪಳಿ) ನಿಯಮ ಹಾಕುತ್ತದೆ. ಆರ್-1 ಇದ್ದರೆ ಓಡಿಸುವ ಚಕ್ರಗಳಿಗೆ ಹಿಮದ ಟೈರ್ ಅಥವಾ ಚೈನ್ ಸಾಕು. ಆರ್-2ನಲ್ಲಿ ನಾಲ್ಕೂ ಚಕ್ರ ಓಡಿಸುವ, ನಾಲ್ಕಕ್ಕೂ ಹಿಮದ ಟೈರ್ ಇರುವ ಗಾಡಿಗಳಿಗೆ ಮಾತ್ರ ರಿಯಾಯಿತಿ. ಉಳಿದವರೆಲ್ಲ ಚೈನ್ ಹಾಕಲೇಬೇಕು. ಆರ್-3 ಬಂದರೆ ಯಾರಿಗೂ ವಿನಾಯಿತಿ ಇಲ್ಲ, ಆದರೆ ಸಾಮಾನ್ಯವಾಗಿ ಅಷ್ಟರೊಳಗೆ ರಸ್ತೆಯನ್ನೇ ಮುಚ್ಚಿಬಿಡುತ್ತಾರೆ.

ಮಸ್ಟ್ಯಾಂಗ್ ಇರುವವರಿಗೆ ಇದರ ಅರ್ಥ ಇಷ್ಟು. ಎಷ್ಟೇ ಒಳ್ಳೆಯ ಹಿಮದ ಟೈರ್ ಹಾಕಿದ್ದರೂ ಆರ್-2ನಲ್ಲಿ ನಿಮ್ಮ ಹಿಂದಿನ ಚಕ್ರಕ್ಕೆ ಚೈನ್ ಬೇಕೇ ಬೇಕು. ಇನ್ನೊಂದು ವಿಷಯ: ಚೈನ್ ನಿಯಮ ಇರುವ ಪ್ರದೇಶಕ್ಕೆ ಹೋಗುವ ಎಲ್ಲ ಗಾಡಿಗಳಲ್ಲೂ ಚೈನ್ ಇಟ್ಟುಕೊಂಡಿರಬೇಕು, ಹಾಕಿಕೊಳ್ಳುವ ಅಗತ್ಯ ಬೀಳದಿದ್ದರೂ ಸರಿ. ಇಲ್ಲದಿದ್ದರೆ ತಪಾಸಣೆಯ ಜಾಗದಿಂದ ವಾಪಸ್ ಕಳಿಸುತ್ತಾರೆ.

ಟೈರ್: ಅರ್ಧಕ್ಕಿಂತ ಜಾಸ್ತಿ ಕೆಲಸ ಇಲ್ಲೇ

460 ಕುದುರೆಶಕ್ತಿ ಹಿಮದಲ್ಲಿ ಯಾವ ಉಪಯೋಗಕ್ಕೂ ಬರುವುದಿಲ್ಲ. ಎಲ್ಲ ಟೈರ್ ಮೇಲೆ ನಿಂತಿದೆ.

ಪರ್ಫಾರ್ಮೆನ್ಸ್ ಪ್ಯಾಕ್ ಕಾರು ಬೇಸಿಗೆ ಟೈರ್ ಹಾಕಿಕೊಂಡು ಬರುತ್ತದೆ. ಅಳತೆ ಮುಂದೆ 255/40 ಆರ್19, ಹಿಂದೆ 275/40 ಆರ್19 (ಮೊದಲ ಸಂಖ್ಯೆ ಮಿಲಿಮೀಟರ್‌ನಲ್ಲಿ ಟೈರಿನ ಅಗಲ, ಕೊನೆಯದು ಇಂಚಿನಲ್ಲಿ ರಿಮ್). ಒಣ ರಸ್ತೆಯಲ್ಲಿ ಅದ್ಭುತವಾದ ಟೈರ್. ಆದರೆ ಆ ರಬ್ಬರ್ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗತೊಡಗುತ್ತದೆ, ಹಿಡಿತ ಬಿಡುತ್ತದೆ. ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗಿಳಿದರೆ ಟ್ರೆಡ್ (ನೆಲಕ್ಕೆ ತಾಗುವ, ಗೀರುಗಳಿರುವ ಭಾಗ) ಬಿರುಕು ಬಿಡುವ ಅಪಾಯವೂ ಉಂಟು. ತಾಹೋದ ಜನವರಿ ರಾತ್ರಿಗಳಲ್ಲಿ ಅಂಥ ಚಳಿ ಮಾಮೂಲು. ಹಿಮ ಬೀಳದೇ ರಸ್ತೆ ಪೂರ್ತಿ ಒಣಗಿದ್ದರೂ ಬೇಸಿಗೆ ಟೈರ್‌ನಲ್ಲಿ ಮೇಲೆ ಹೋಗಬಾರದು ಅನ್ನುವುದು ಇದಕ್ಕೇ.

ಒಂದು ಲೆಕ್ಕ ನೋಡಿ. ಗಂಟೆಗೆ 30 ಮೈಲಿ ವೇಗದಲ್ಲಿ ಬ್ರೇಕ್ ಒತ್ತಿದರೆ ಒಣ ಡಾಂಬರಿನ ಮೇಲೆ ಕಾರು ಸುಮಾರು 10 ಮೀಟರ್‌ನಲ್ಲಿ ನಿಲ್ಲುತ್ತದೆ. ಗಟ್ಟಿಯಾಗಿ ತುಳಿದ ಹಿಮದ ಮೇಲೆ ಹಿಡಿತ ಕಾಲುಭಾಗಕ್ಕೆ ಇಳಿಯುತ್ತದೆ. ಆಗ ಸುಮಾರು 40 ಮೀಟರ್ ಬೇಕು. ಐಸ್ ಮೇಲಾದರೆ 90 ಮೀಟರ್. ನಾಲ್ಕು ಚಕ್ರ ಓಡಿಸುವ ಎಸ್‌ಯುವಿಗೂ ನಿಲ್ಲುವಾಗ ಇದೇ ಲೆಕ್ಕ ಅನ್ವಯಿಸುತ್ತದೆ. ಹೊರಡುವಾಗ ಮಾತ್ರ ಅದಕ್ಕೆ ಅನುಕೂಲ.

ನಿಮ್ಮ ಮುಂದೆ ಎರಡು ಆಯ್ಕೆ ಇವೆ.

ವರ್ಷಕ್ಕೆ ಒಂದೆರಡು ಸಲ, ಅದೂ ಹವಾಮಾನ ನೋಡಿಕೊಂಡು ಹೋಗುವವರಾದರೆ, ಬೇಸಿಗೆ ಟೈರ್ ಸವೆದಾಗ ಅದೇ ಅಳತೆಯ ಆಲ್-ಸೀಸನ್ ಪರ್ಫಾರ್ಮೆನ್ಸ್ ಟೈರ್‌ಗೆ ಬದಲಾಯಿಸಿಕೊಳ್ಳಿ. ಟೈರಿನ ಪಕ್ಕದಲ್ಲಿ ಎಂ+ಎಸ್ (ಕೆಸರು ಮತ್ತು ಹಿಮ) ಗುರುತು ಇರಲಿ. ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಹಿಮದ ಟೈರ್ ಅಂತ ಒಪ್ಪುತ್ತಾರೆ, ಆದರೆ ಟ್ರೆಡ್ ಆಳ ಕನಿಷ್ಠ 6/32 ಇಂಚು ಉಳಿದಿರಬೇಕು. ಈ ಜಾತಿಯಲ್ಲಿ ಕಾಂಟಿನೆಂಟಲ್‌ನ ಡಿಡಬ್ಲ್ಯುಎಸ್ ಟೈರ್‌ನಲ್ಲಿ ಒಂದು ಒಳ್ಳೆಯ ಸೌಲಭ್ಯ ಇದೆ. ಟ್ರೆಡ್ ಮೇಲೆಯೇ ಡಿ, ಡಬ್ಲ್ಯು, ಎಸ್ ಅಕ್ಷರಗಳನ್ನು ಕೊರೆದಿರುತ್ತಾರೆ. ಎಸ್ ಅಳಿಸಿಹೋಗಿದ್ದರೆ ಹಿಮಕ್ಕೆ ಆ ಟೈರ್ ಇನ್ನು ಸಾಲದು ಅಂತ ತಿಳಿಯಬೇಕು. ಹೊರಡುವ ಮುನ್ನ ಬಗ್ಗಿ ಬೆರಳಿಟ್ಟು ನೋಡಿ, ಮುಗಿಯಿತು.

ತಿಂಗಳಿಗೊಮ್ಮೆ ಸ್ಕೀಯಿಂಗ್‌ಗೆ ಹೋಗುವವರು ಎರಡನೇ ಸೆಟ್ ಚಕ್ರ ಇಟ್ಟುಕೊಳ್ಳುವುದೇ ಸರಿ. ಮೂರು ಶಿಖರ ಮತ್ತು ಹಿಮದ ಹರಳಿನ ಚಿತ್ರ ಇರುವ ನಿಜವಾದ ಚಳಿಗಾಲದ ಟೈರ್ ತೆಗೆದುಕೊಳ್ಳಿ. ಬ್ರಿಡ್ಜ್‌ಸ್ಟೋನ್ ಬ್ಲಿಜ್ಯಾಕ್, ಮಿಶೆಲಿನ್ ಎಕ್ಸ್-ಐಸ್ ಈ ಸಾಲಿನವು. ಅಗಲ ಕಡಿಮೆ ಮಾಡಿ. ಕಿರಿದಾದ ಟೈರ್ ಹಿಮವನ್ನು ಸೀಳಿಕೊಂಡು ಕೆಳಗಿಳಿಯುತ್ತದೆ, ಅಗಲವಾದದ್ದು ಮೇಲೆ ತೇಲುತ್ತದೆ. ಮಸ್ಟ್ಯಾಂಗ್‌ಗೆ ನಾಲ್ಕೂ ಕಡೆ 235/50 ಆರ್18 ಹೊಂದುವ ಅಳತೆ. ಸಾಮಾನ್ಯ ಜಿಟಿ ಬರುತ್ತಿದ್ದದ್ದೂ ಅದರಲ್ಲೇ. ಚಕ್ರದ ಪೂರ್ತಿ ಎತ್ತರ ಸುಮಾರು 692 ಮಿಲಿಮೀಟರ್ ಆಗುತ್ತದೆ. ಮೊದಲಿದ್ದ ಮುಂದಿನ ಚಕ್ರ 687, ಹಿಂದಿನದು 703. ವ್ಯತ್ಯಾಸ ಶೇಕಡಾ ಎರಡರ ಒಳಗೇ ಉಳಿಯುತ್ತದೆ.

ಆದರೆ ಪರ್ಫಾರ್ಮೆನ್ಸ್ ಪ್ಯಾಕ್‌ನ ಮುಂದಿನ ಬ್ರೆಂಬೊ ಬ್ರೇಕ್ ದೊಡ್ಡದು. ಎಲ್ಲ 18 ಇಂಚಿನ ಚಕ್ರಗಳೂ ಅದರ ಮೇಲೆ ಕೂರುವುದಿಲ್ಲ. ಟೈರ್ ಹಾಕಿಸುವ ಮೊದಲೇ ಬರೀ ಚಕ್ರವನ್ನು ಕೂರಿಸಿ, ಕೈಯಲ್ಲಿ ತಿರುಗಿಸಿ, ಕ್ಯಾಲಿಪರ್‌ಗೆ (ಬ್ರೇಕ್ ಪ್ಯಾಡ್ ಹಿಡಿದಿರುವ ಭಾಗ) ಎಲ್ಲಾದರೂ ತಾಗುತ್ತದಾ ನೋಡಿಕೊಳ್ಳಿ. ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ 150 ಪೌಂಡ್-ಅಡಿಗೆ ಬಿಗಿ ಮಾಡಿ, 50-60 ಮೈಲಿ ಓಡಿದ ಮೇಲೆ ಮತ್ತೊಮ್ಮೆ ನೋಡಿ. ಕಳ್ಳರಿಂದ ಕಾಪಾಡಲು ಬೀಗದ ನಟ್ ಹಾಕಿದ್ದರೆ ಅದರ ಕೀಲಿ ಕಾರಿನಲ್ಲೇ ಇರಲಿ.

ಚಳಿಗಾಲದ ಟೈರ್‌ಗೆ ಬೇ ಏರಿಯಾದ 15-18 ಡಿಗ್ರಿ ಮಧ್ಯಾಹ್ನ ಬಿಸಿಯೇ. ಬೇಗ ಸವೆಯುತ್ತದೆ, ಒಣ ರಸ್ತೆಯಲ್ಲಿ ಬ್ರೇಕ್ ದೂರವೂ ಜಾಸ್ತಿ. ಪ್ರವಾಸದ ವಾರಕ್ಕೆ ಹಾಕಿ, ಬಂದ ಮೇಲೆ ತೆಗೆಯಿರಿ.

ಗಾಳಿಯ ಒತ್ತಡದ ಬಗ್ಗೆ ಒಂದು ಮಾತು. ಉಷ್ಣತೆ ಐದೂವರೆ ಡಿಗ್ರಿ ಸೆಲ್ಸಿಯಸ್ ಇಳಿದರೆ ಸುಮಾರು 1 ಪಿಎಸ್‌ಐ ಕಡಿಮೆಯಾಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಎತ್ತರಕ್ಕೆ ಹೋದಾಗ ಹೊರಗಿನ ಗಾಳಿಯೂ ತೆಳ್ಳಗಾಗುವುದರಿಂದ ಮೀಟರ್ ಮೇಲೇರುತ್ತದೆ. 6,200 ಅಡಿಯ ಸರೋವರದ ಹತ್ತಿರ ಅದು 3 ಪಿಎಸ್‌ಐನಷ್ಟು. ಮನೆಯಲ್ಲಿ 15 ಡಿಗ್ರಿ, ಅಲ್ಲಿ ಸೊನ್ನೆಗಿಂತ ಐದಾರು ಕೆಳಗೆ ಅಂದುಕೊಂಡರೆ ಎರಡೂ ಹೆಚ್ಚುಕಡಿಮೆ ಸರಿಹೋಗುತ್ತವೆ. ಮನೆಯಲ್ಲೇ ಕಾರಿನ ಬಾಗಿಲ ಸ್ಟಿಕರ್‌ನಲ್ಲಿ ಬರೆದಷ್ಟು ಗಾಳಿ ತುಂಬಿ. ಹಿಮಕ್ಕೆ ಹಿಡಿತ ಬರಲಿ ಅಂತ ಗಾಳಿ ಬಿಡಬೇಡಿ. ಅಗಲ ಟೈರ್‌ನ ರಿಮ್ ಹೊಂಡಕ್ಕೆ ಬಡಿದು ಬಗ್ಗುತ್ತದೆ.

ಚೈನ್: ಕೊಳ್ಳುವುದಕ್ಕಿಂತ ಹಾಕಲು ಕಲಿಯುವುದು ಮುಖ್ಯ

ಪರ್ಫಾರ್ಮೆನ್ಸ್ ಕಾರಿನಲ್ಲಿ ಟೈರಿಗೂ ಸಸ್ಪೆನ್ಶನ್‌ಗೂ ನಡುವೆ ಜಾಗ ತೀರಾ ಕಡಿಮೆ. ಅದಕ್ಕೇ ಕಾರಿನ ಕೈಪಿಡಿಯನ್ನು ಮೊದಲು ತೆರೆಯಿರಿ. ಅಗಲ ಟೈರ್‌ಗಳಿಗೆ ಚೈನ್ ಹಾಕಬಾರದು ಅಂತ ಎಷ್ಟೋ ಕಂಪನಿಗಳು ಬರೆದಿರುತ್ತವೆ. ಹಾಗಿದ್ದರೆ ಕಿರಿದಾದ ಎರಡನೇ ಸೆಟ್ ಚಕ್ರಕ್ಕೆ ಇನ್ನೊಂದು ಕಾರಣ ಸಿಕ್ಕಿತು. ಹಾಕಬಹುದಾದರೆ ಪ್ಯಾಕೆಟ್ ಮೇಲೆ ಎಸ್‌ಎಇ ಕ್ಲಾಸ್ ಎಸ್ ಅಂತ ಇರುವುದನ್ನೇ ಆರಿಸಿ. ಅದು ತೀರಾ ಇಕ್ಕಟ್ಟಿನ ಕಾರುಗಳಿಗಾಗಿ ಮಾಡಿದ ವರ್ಗ. ಟ್ರೆಡ್ ಮೇಲೆ 37 ಮಿಲಿಮೀಟರ್, ಪಕ್ಕಕ್ಕೆ 15 ಮಿಲಿಮೀಟರ್ ಜಾಗ ಇದ್ದರೆ ಸಾಕು. ದಪ್ಪ ಕೊಂಡಿಯ ಸರಪಳಿಗಿಂತ ತೆಳು ಕೇಬಲ್ ಜಾತಿಯದು ಇಂಥ ಕಾರಿಗೆ ಕ್ಷೇಮ. ಹೊರಗಿನಿಂದ ಚಕ್ರದ ನಟ್‌ಗೆ ಸಿಕ್ಕಿಸುವ ಬಗೆಯೂ ಇದೆ. ಒಳಗೆ ಏನೂ ಹೋಗುವುದಿಲ್ಲ, ಬೆಲೆ ಮಾತ್ರ ಜಾಸ್ತಿ.

ಹಿಂದಿನ ಚಕ್ರ ಓಡಿಸುವ ಕಾರಿಗೆ ಚೈನ್ ಹಿಂದಕ್ಕೆ. ಮುಂದಿನ ಚಕ್ರ ಓಡಿಸುವುದಕ್ಕೆ ಮುಂದಕ್ಕೆ. ನಾಲ್ಕೂ ಚಕ್ರ ಓಡಿಸುವ ಕಾರಾದರೆ ಕೈಪಿಡಿ ಹೇಳಿದ ಹಾಗೆ.

ಈಗ ಅಭ್ಯಾಸ. ಮನೆ ಮುಂದೆ, ಒಣ ನೆಲದ ಮೇಲೆ, ಹಗಲಿನಲ್ಲಿ ಮಾಡಿ. ಕೇಬಲ್ಲನ್ನು ನೆಲದ ಮೇಲೆ ಉದ್ದಕ್ಕೆ ಹಾಸಿ ತಿರುಚಿಲ್ಲವೆಂದು ನೋಡಿ. ಕೊಕ್ಕೆಗಳ ಚೂಪು ತುದಿ ಟೈರ್ ಕಡೆಗಲ್ಲ, ಹೊರಗೆ ಇರಬೇಕು. ಟೈರಿನ ಮೇಲೆ ಹೊದಿಸಿ. ಮೊದಲು ಒಳಗಿನ ಕೊಕ್ಕೆ. ಇದನ್ನು ಕಣ್ಣಿಗಿಂತ ಬೆರಳಿನಿಂದಲೇ ಹಿಡಿಯಬೇಕು, ಚಕ್ರದ ಹಿಂದೆ ತೋಳು ತೂರಿಸಿ. ಆಮೇಲೆ ಹೊರಗಿನದು, ಕೊನೆಗೆ ಬಿಗಿಯುವ ರಬ್ಬರ್. ಹತ್ತಿಪ್ಪತ್ತು ಅಡಿ ಕಾರನ್ನು ಮುಂದಕ್ಕೆ ತಂದು ನಿಲ್ಲಿಸಿ ಮತ್ತೆ ಬಿಗಿ ಮಾಡಿ. ಈ ಎರಡನೇ ಬಿಗಿತ ಬಿಟ್ಟವರ ಕೇಬಲ್ಲೇ ಕಳಚಿಕೊಂಡು ಬ್ರೇಕ್ ಪೈಪಿಗೆ, ಫೆಂಡರ್‌ಗೆ ಹೊಡೆಯುವುದು. ಒಂದು ಸಲ ಮಾಡಿ ತೆಗೆದಿಡಿ. ನಂತರ ತೆಳು ಗ್ಲೌಸ್ ಹಾಕಿಕೊಂಡು ಇನ್ನೊಮ್ಮೆ ಮಾಡಿ. ಬೆಟ್ಟದ ಮೇಲೆ ಕೈ ಮರಗಟ್ಟಿ, ಪಕ್ಕದಲ್ಲಿ ಟ್ರಕ್‌ಗಳು ಕೆಸರು ಹಾರಿಸಿಕೊಂಡು ಹೋಗುವಾಗ ಬೆರಳಿಗೆ ನೆನಪಿರಬೇಕು, ಅಲ್ವಾ?

ಐ-80ನಲ್ಲಿ ಚೈನ್ ಹಾಕಲು ಬೋರ್ಡ್ ಇರುವ ಜಾಗಗಳಿವೆ. ಅಲ್ಲೇ ಪಕ್ಕಕ್ಕೆ ನಿಲ್ಲಿಸಿ, ಲೇನ್‌ನಲ್ಲಿ ನಿಲ್ಲಬೇಡಿ. ಕ್ಯಾಲ್‌ಟ್ರಾನ್ಸ್ ಪರವಾನಗಿ ಇರುವವರು ಹಣ ತೆಗೆದುಕೊಂಡು ಹಾಕಿಕೊಡುತ್ತಾರೆ. ಆದರೆ ಅವರು ಚೈನ್ ಮಾರುವ ಹಾಗಿಲ್ಲ, ಬಾಡಿಗೆಗೆ ಕೊಡುವ ಹಾಗೂ ಇಲ್ಲ. ಚೈನ್ ನಿಮ್ಮದೇ ಆಗಿರಬೇಕು. ಹಾಕಿದ ಮೇಲೆ ವೇಗ 25-30 ಮೈಲಿ, ಅಷ್ಟೇ. ಹಿಮ ಮುಗಿದು ಡಾಂಬರ್ ಕಂಡರೆ ಮುಂದಿನ ಜಾಗದಲ್ಲಿ ತೆಗೆದುಬಿಡಿ. ಬರೀ ಡಾಂಬರಿನ ಮೇಲೆ ಕೇಬಲ್ ಬೇಗ ತುಂಡಾಗುತ್ತದೆ.

ಬಾನೆಟ್ ಕೆಳಗೆ ಮತ್ತು ಕಾರಿನ ಕೆಳಗೆ

ಬ್ಯಾಟರಿ ಮೂರು ನಾಲ್ಕು ವರ್ಷ ಹಳೆಯದಾಗಿದ್ದರೆ ಪರೀಕ್ಷೆ ಮಾಡಿಸಿ. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಬ್ಯಾಟರಿ ತನ್ನ ಶಕ್ತಿಯ ಮೂರನೇ ಒಂದು ಭಾಗದಷ್ಟು ಕಳೆದುಕೊಳ್ಳುತ್ತದೆ. ವಾರವೆಲ್ಲ ಗ್ಯಾರೇಜಿನಲ್ಲೇ ನಿಲ್ಲುವ ಕಾರಿಗೆ ಇದು ಇನ್ನೂ ಮುಖ್ಯ. ಕೂಲಂಟ್ ಸಮಪಾಲು ಮಿಶ್ರಣ ಇದ್ದರೆ ಸುಮಾರು -37 ಡಿಗ್ರಿವರೆಗೆ ತಡೆಯುತ್ತದೆ. ಬೇಸಿಗೆಯಲ್ಲಿ ರೇಸ್ ಟ್ರ್ಯಾಕ್‌ನಲ್ಲಿ ಓಡಿಸಲು ಬರೀ ನೀರು ತುಂಬಿಸಿದ್ದರೆ ಈಗಲೇ ಬದಲಾಯಿಸಿ, ಇಲ್ಲದಿದ್ದರೆ ಎಂಜಿನ್ ಬ್ಲಾಕ್ ಒಡೆಯುತ್ತದೆ. ಟ್ರ್ಯಾಕ್ ಬ್ರೇಕ್ ಪ್ಯಾಡ್ ಇದ್ದರೂ ತೆಗೆಸಿ. ಅವು ಬಿಸಿಯಾದರೆ ಮಾತ್ರ ಕಚ್ಚುತ್ತವೆ, ಹಿಮದ ವೇಗದಲ್ಲಿ ಬಿಸಿಯೇ ಆಗುವುದಿಲ್ಲ.

ಗಾಜು ತೊಳೆಯುವ ದ್ರವ ಜನ ಮರೆಯುವ ವಿಷಯ. ಬೇ ಏರಿಯಾದ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಹೆಪ್ಪುಗಟ್ಟುವಂಥದ್ದೇ, ಏಕೆಂದರೆ ವಾಯುಮಾಲಿನ್ಯ ನಿಯಮದಿಂದ ಮದ್ಯಸಾರ ಜಾಸ್ತಿ ಇರುವುದನ್ನು ಬೆಟ್ಟದ ಪ್ರದೇಶಗಳಲ್ಲಿ ಮಾತ್ರ ಮಾರುತ್ತಾರೆ. ಹಳೆಯದನ್ನು ಖಾಲಿ ಮಾಡಿಕೊಂಡು ಹೋಗಿ, ಮೇಲೆ ಸಿಕ್ಕ ಕೂಡಲೇ ಚಳಿ ತಡೆಯುವುದನ್ನು ತುಂಬಿಸಿ. ಟ್ರಕ್ ಎರಚಿದ ಉಪ್ಪುನೀರು ಒಣಗಿ ಗಾಜು ಬೆಳ್ಳಗಾದಾಗ ನಳಿಕೆ ಹೆಪ್ಪುಗಟ್ಟಿದ್ದರೆ ಎದುರಿಗೆ ಏನೂ ಕಾಣುವುದಿಲ್ಲ.

ಕಾರನ್ನು ತಗ್ಗಿಸಿದ್ದರೆ ಮತ್ತೆ ಎತ್ತಿ. ಮುಂದಿನ ಸ್ಪ್ಲಿಟರ್ (ಬಂಪರ್ ಕೆಳಗೆ ಚಾಚಿದ ಪಟ್ಟಿ) ತೆಗೆಯಲು ಬರುವಂಥದ್ದಾದರೆ ಬಿಚ್ಚಿಡಿ. ಹಿಮ ತೆಗೆಯುವ ಗಾಡಿ ಹೋದ ಮೇಲೆ ಡ್ರೈವ್‌ವೇ ಬಾಯಲ್ಲಿ ಒಂದು ದಿಬ್ಬ ಉಳಿಯುತ್ತದೆ. ನೋಡಲು ಮೆತ್ತಗೆ, ಒಳಗೆ ಇಟ್ಟಿಗೆಯಷ್ಟು ಗಟ್ಟಿ. ಅದರ ಮೇಲೆ ಹತ್ತಿಸಬೇಡಿ, ಸಲಿಕೆಯಿಂದ ಒಡೆದು ದಾರಿ ಮಾಡಿಕೊಳ್ಳಿ.

ಮಸ್ಟ್ಯಾಂಗ್ ಬಾಗಿಲಿಗೆ ಗಾಜಿನ ಸುತ್ತ ಚೌಕಟ್ಟು ಇಲ್ಲ. ಬಾಗಿಲು ತೆರೆಯುವಾಗ ಗಾಜು ಒಂದಿಷ್ಟು ಕೆಳಗಿಳಿದು ರಬ್ಬರಿನಿಂದ ಬಿಡಿಸಿಕೊಳ್ಳಬೇಕು. ರಾತ್ರಿ ಐಸ್ ಕಟ್ಟಿದರೆ ಅದು ಇಳಿಯುವುದಿಲ್ಲ. ಆಗ ಜೋರಾಗಿ ಎಳೆದರೆ ರಬ್ಬರ್ ಹರಿಯುತ್ತದೆ ಅಥವಾ ಗಾಜು ಎತ್ತುವ ಮೋಟಾರ್ ಕೆಡುತ್ತದೆ. ಹೊರಡುವ ಮೊದಲು ರಬ್ಬರಿಗೆಲ್ಲ ಸಿಲಿಕೋನ್ ಸವರಿ. ಬೆಳಗ್ಗೆ ಗಾಜಿನ ಮೇಲಂಚಿನ ಐಸ್ ಕೆರೆದು, ಅಂಗೈಯಿಂದ ಬಾಗಿಲ ಅಂಚನ್ನು ಒಳಗೆ ಒತ್ತಿ ಐಸ್ ಬಿರಿಯಿಸಿ, ಆಮೇಲೆ ತೆರೆಯಿರಿ.

ಡಿಕ್ಕಿಯಲ್ಲಿ

ಚೈನ್ ಎಲ್ಲಕ್ಕಿಂತ ಮೇಲೆ, ಲಗೇಜ್ ಕೆಳಗಲ್ಲ. ಜೊತೆಗೆ ಮಡಚುವ ಸಲಿಕೆ, ಐಸ್ ಕೆರೆಯುವ ಬ್ರಷ್, ತಲೆಗೆ ಕಟ್ಟುವ ಟಾರ್ಚ್, ಮೊಣಕಾಲಿನ ಕೆಳಗೆ ಹಾಸಲು ಟಾರ್ಪಾಲಿನ್, ಜಂಪರ್ ಕೇಬಲ್. ಇಂಥ ಕಾರುಗಳಲ್ಲಿ ಸ್ಪೇರ್ ಚಕ್ರ ಇರುವುದಿಲ್ಲ, ಗಾಳಿ ತುಂಬುವ ಕಿಟ್ ಮಾತ್ರ. ಎಳೆಯುವ ಕೊಂಡಿ ಇದೆಯಾ ನೋಡಿ, ಬಂಪರ್‌ನ ಮುಚ್ಚಳ ತೆಗೆದು ಒಮ್ಮೆ ತಿರುಗಿಸಿ ಹಾಕಿ ನೋಡಿ. ಹಿಮದಲ್ಲಿ ಸಿಕ್ಕಿಕೊಂಡಾಗ ಕಟ್ಟಲು ಬೇರೆ ಜಾಗವೇ ಇಲ್ಲ. ಮರಳಿನ ಚೀಲ ಒಂದೆರಡು ಇದ್ದರೆ ಹಿಂದಿನ ಚಕ್ರಕ್ಕೆ ಭಾರವೂ ಆಯಿತು, ಜಾರುವಾಗ ಚಕ್ರದ ಕೆಳಗೆ ಹಾಕಲೂ ಆಯಿತು. ಸರಿಯಾಗಿ ಕಟ್ಟಿರಿ.

ಕಂಬಳಿ, ನೀರು, ಒಂದು ರಾತ್ರಿಗಾಗುವಷ್ಟು ತಿಂಡಿ ಕಾರಿನ ಒಳಗೇ ಇರಲಿ. ಚಪಾತಿ, ಚಟ್ನಿಪುಡಿ, ಕೋಡುಬಳೆ ಚಳಿಗೆ ಕೆಡುವುದಿಲ್ಲ. ಪೆಟ್ರೋಲ್ ಐ-80 ದಾರಿಯ ಆಬರ್ನ್ ಊರಲ್ಲೇ ಪೂರ್ತಿ ತುಂಬಿಸಿ. ರಸ್ತೆ ಮುಚ್ಚಿ ನಿಂತಾಗ ಬೆಚ್ಚಗಿರಲು ಅದೇ ಗತಿ. ಹಾಗೆ ನಿಂತಾಗ ಆಗಾಗ ಇಳಿದು ಸೈಲೆನ್ಸರ್ ಬಾಯಿಯ ಹಿಮ ತೆಗೆಯಿರಿ. ಮುಚ್ಚಿಕೊಂಡರೆ ವಿಷಗಾಳಿ ಒಳಗೆ ಬರುತ್ತದೆ, ಅದಕ್ಕೆ ವಾಸನೆಯೂ ಇಲ್ಲ.

ಹೊರಡುವ ದಿನ, ಓಡಿಸುವ ರೀತಿ

ಕ್ಯಾಲ್‌ಟ್ರಾನ್ಸ್‌ನ ಆನ್‌ಲೈನ್ ನಕ್ಷೆ ಕ್ವಿಕ್‌ಮ್ಯಾಪ್‌ನಲ್ಲಿ ಚೈನ್ ನಿಯಮ ಎಲ್ಲಿಂದ ಎಲ್ಲಿಯವರೆಗೆ ಇದೆ ಅಂತ ಕಾಣುತ್ತದೆ, ಕ್ಯಾಮೆರಾ ಚಿತ್ರಗಳೂ ಇವೆ. ಹವಾಮಾನ ಇಲಾಖೆಯ ಬಿರುಗಾಳಿ ಎಚ್ಚರಿಕೆ ಇದ್ದರೆ ಈ ಕಾರು ಮನೆಯಲ್ಲೇ ಇರಲಿ. ಬಿರುಗಾಳಿ ನಿಂತು ಒಂದು ದಿನ ಕಳೆದ ಮೇಲೆ ಹೋದರೆ ರಸ್ತೆ ಶುಚಿಯಾಗಿರುತ್ತದೆ, ಬೆಟ್ಟದ ಮೇಲೆ ಹೊಸ ಹಿಮವೂ ಇರುತ್ತದೆ. ಸಾಧ್ಯವಾದರೆ ಹಗಲಿನಲ್ಲೇ ಮೇಲಿನ ಭಾಗ ದಾಟಿ. ಹೆದ್ದಾರಿ ಕಟ್ಟಿಕೊಂಡಾಗ ಫೋನಿನ ನಕ್ಷೆ ತೋರಿಸುವ ಒಳರಸ್ತೆ ಹಿಡಿಯಬೇಡಿ, ಅವುಗಳಲ್ಲಿ ಹಿಮ ತೆಗೆದಿರುವುದಿಲ್ಲ. ಬಿರುಗಾಳಿಯ ದಿನವೇ ಹೋಗಬೇಕಾದರೆ ಎಮೆರಿವಿಲ್‌ನಿಂದ ಟ್ರಕೀಗೆ ಆಮ್‌ಟ್ರಾಕ್‌ನ ಕ್ಯಾಲಿಫೋರ್ನಿಯಾ ಝೆಫಿರ್ ರೈಲಿದೆ. ಬಾಡಿಗೆ ಎಸ್‌ಯುವಿ ತೆಗೆದುಕೊಳ್ಳುವವರು ಒಪ್ಪಂದ ಓದಿ, ಚೈನ್ ಹಾಕಬಾರದು ಅಂತ ಎಷ್ಟೋ ಕಡೆ ಬರೆದಿರುತ್ತದೆ.

ಕಾರಿನಲ್ಲಿ ಸ್ನೋ/ವೆಟ್ ಮೋಡ್ ಇದೆ, ಅದನ್ನೇ ಇಡಿ. ಆಕ್ಸಿಲರೇಟರ್ ಮೆತ್ತಗಾಗುತ್ತದೆ. ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಬೇಡಿ. ನಿಂತಲ್ಲೇ ಹೂತುಹೋದಾಗ ಹಿಂದೆ ಮುಂದೆ ತೂಗಿಸಲು ಮಾತ್ರ ಒಂದು ಕ್ಷಣ ಆಫ್ ಮಾಡಬಹುದು. ಮ್ಯಾನ್ಯುಯಲ್ ಗೇರ್ ಆದರೆ ಎರಡನೇ ಗೇರ್‌ನಲ್ಲಿ ಹೊರಡಿ.

ಡಾನರ್ ಸಮ್ಮಿಟ್‌ನಿಂದ ಟ್ರಕೀಗೆ ಉದ್ದದ ಇಳಿಜಾರು. ಆಗುಂಬೆ, ಚಾರ್ಮಾಡಿಯಲ್ಲಿ ಮಳೆಗಾಲ ಓಡಿಸಿದವರಿಗೆ ಕೆಳ ಗೇರ್‌ನಲ್ಲಿ ಇಳಿಯುವ ಅಭ್ಯಾಸ ಇರುತ್ತದೆ, ಅದು ಇಲ್ಲೂ ಸರಿ. ಆದರೆ ಒಂದು ತಿದ್ದುಪಡಿ ಬೇಕು. ಇಳಿಜಾರಿನ ಮಧ್ಯೆ ಥಟ್ಟನೆ ಗೇರ್ ಇಳಿಸಿದರೆ ಎಂಜಿನ್ ಹಿಂದಿನ ಚಕ್ರಗಳನ್ನು ಹಿಡಿದು ಬಾಲ ಪಕ್ಕಕ್ಕೆ ಹೋಗುತ್ತದೆ. ಶಿಖರದ ಮೇಲೆ, ರಸ್ತೆ ಸಮ ಇರುವಾಗಲೇ ಗೇರ್ ಇಳಿಸಿಬಿಡಿ. ಬಾಲ ಜಾರಿದರೆ ಕಾಲು ಮೆಲ್ಲಗೆ ತೆಗೆಯಿರಿ, ಬ್ರೇಕ್ ಒತ್ತಬೇಡಿ, ಹೋಗಬೇಕಾದ ಕಡೆ ನೋಡಿ ಸ್ಟೀರಿಂಗ್ ತಿರುಗಿಸಿ.

ಹಿಮದಿಂದ ಹೊರಬಂದು ವೇಗ ಹೆಚ್ಚಿಸಿದಾಗ ಸ್ಟೀರಿಂಗ್ ನಡುಗಿದರೆ ಗಾಬರಿ ಬೇಡ. ಚಕ್ರದ ಒಳಬದಿಗೆ ಹಿಮ ಮೆತ್ತಿಕೊಂಡು ಒಂದು ಕಡೆ ಭಾರವಾಗಿರುತ್ತದೆ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಕಡ್ಡಿಯಿಂದ ಕೆದಕಿ ತೆಗೆಯಿರಿ.

ರಾತ್ರಿ ನಿಲ್ಲಿಸುವಾಗ ವೈಪರ್ ಎತ್ತಿಡಿ. ಸಮತಟ್ಟು ಜಾಗದಲ್ಲಿ ಗೇರ್‌ನಲ್ಲೇ ಬಿಡಿ, ಹ್ಯಾಂಡ್‌ಬ್ರೇಕ್ ಹಾಕಬೇಡಿ. ಒದ್ದೆಯಾದ ಬ್ರೇಕ್ ಕೇಬಲ್ ಹೆಪ್ಪುಗಟ್ಟಿ ಬೆಳಗ್ಗೆ ಬಿಡುವುದಿಲ್ಲ. ರಸ್ತೆ ಬದಿಯಲ್ಲಿ ನಿಲ್ಲಿಸಿದರೆ ಹಿಮ ತೆಗೆಯುವವರು ಎಳೆದುಕೊಂಡು ಹೋಗುತ್ತಾರೆ, ಅದಕ್ಕೇ ಮನೆಯ ಆವರಣದಲ್ಲೇ ಕಾರು ನಿಲ್ಲಿಸಲು ಜಾಗ ಇರುವ ಕಡೆಯೇ ಬುಕ್ ಮಾಡಿ.

ವಾಪಸ್ ಬಂದ ದಿನ ಅಥವಾ ಮರುದಿನವೇ ಕಾರಿನ ತಳವನ್ನು ನೀರಿನ ಒತ್ತಡದಲ್ಲಿ ತೊಳೆಸಿ. ಚಕ್ರದ ಕಮಾನು, ಬ್ರೇಕ್ ಹಿಂಬದಿ, ಸಬ್‌ಫ್ರೇಮ್ ಮೂಲೆಗಳಲ್ಲಿ ರಸ್ತೆಯ ಉಪ್ಪು ಕೂತಿರುತ್ತದೆ. ಕೇಬಲ್‌ಗಳನ್ನು ಸಿಹಿನೀರಲ್ಲಿ ತೊಳೆದು, ಬಿಸಿಲಲ್ಲಿ ಒಣಗಿಸಿ, ತುಂಡಾದ ಎಳೆ ಇದೆಯಾ ನೋಡಿ ಚೀಲಕ್ಕೆ ಹಾಕಿ. ಒಂದು ಎಳೆ ಬಿಚ್ಚಿದ್ದರೂ ಆ ಜೋಡಿಯನ್ನು ಬದಲಾಯಿಸಿ.